ಹಿತ್ತಿಲ ಓಣಿಯಿಂದ ಗೃಹಪ್ರವೇಶ

ಮೆಲ್ಬರ್ನ್ ನಗರದ ಹಳೆಯ ಬಡಾವಣೆಯೊಂದರಲ್ಲಿ ನನ್ನ ಮಗಳ ಮನೆ ಇದೆ. ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ಸಾಲಾಗಿ ನಿಂತಿರುವ, ಅಗಲ ಕಡಿಮೆಯಾಗಿ ಉದ್ದಕ್ಕೆ ಹಿಂದೆ ಹಿಂದೆ ಸಾಗುವ ಎರಡು ಅಂತಸ್ತಿನ ಮನೆಗಳು ಆ ಬೀದಿಯವು. ಮುಂದಿನ ಜಗಲಿಗೆ ಎರಕದ ಕಬ್ಬಿಣದ ಜಾಲರಿ; ಯಾರೋ ಮಲ್ಲಿಗೆಯ ದಂಡೆಯನ್ನು ಕಬ್ಬಿಣದಲ್ಲಿ ಕಟ್ಟಿ ತೂಗುಹಾಕಿದಂತೆ ಕಾಣುತ್ತದೆ. ಜಗಲಿಯ ನೆಲದಲ್ಲಿ ಕೆಂಪು, ಕಪ್ಪು, ಕೆನೆಬಣ್ಣದ ಪುಟ್ಟ ಹೆಂಚುಗಳ ಚಿತ್ತಾರ. ಅಲ್ಲಿಂದ ಪಾದಚಾರಿ ದಾರಿಗೆ ಇಳಿಯಲು ನೀಲಿಗಪ್ಪು ಕಲ್ಲಿನ ಎತ್ತರದ ಮೆಟ್ಟಿಲುಗಳು. ನಾವು ಕಾಣದ ಅದೆಷ್ಟೋ ಜನರ ಪಾದಗಳಿಂದ ಅವುಗಳ ನಡುಭಾಗ ತಗ್ಗಾಗಿದೆ.

ಆ ಬೀದಿಗೆ ಬೀದಿಯೇ ಪಾರಂಪರಿಕವೆಂದು ರಕ್ಷಿತವಾದದ್ದು. ದಾರಿಹೋಕನ ಕಣ್ಣಿಗೆ ಬೀಳುವ ಯಾವ ಭಾಗವನ್ನೂ ಕೌನ್ಸಿಲ್ಲಿನ, ಎಂದರೆ ಇಲ್ಲಿಯ ನಗರಸಭೆಯ, ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಬಾಗಿಲಿಗೆ ಬೇರೆ ಬಣ್ಣ ಹಚ್ಚಬೇಕೆಂದರೂ ಕೇಳಬೇಕು. ಮಗಳಿಗೆ ಇದು ಆಗಾಗ ತಲೆನೋವಿನ ವಿಷಯವಾಗಿತ್ತು. ನನಗೋ ಇಲ್ಲಿಗೆ ಬಂದ ಮೊದಲ ದಿನದಿಂದಲೂ ಈ ಕಟ್ಟಳೆಯ ಮೇಲೆ ಗೌರವ. ಮೈಸೂರಿನ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತ, ಹಿರಿಯರಿಂದ ಕೇಳಿದ್ದನ್ನು ಸ್ವರ ಕೆಡದಂತೆ ಕಿರಿಯರಿಗೆ ದಾಟಿಸುವುದರಲ್ಲೇ ಆಯುಷ್ಯ ಕಳೆದವನು ನಾನು. ಹೊಸ ಗುಡಿ ಕಟ್ಟಿಸುವುದಕ್ಕಿಂತ ಜೀರ್ಣೋದ್ಧಾರವೇ ಮೇಲೆಂದು ನಂಬಿದವನು. ಸಂಜೆಯ ನಡಿಗೆಯಲ್ಲಿ ಆ ಮನೆಗಳ ನೆತ್ತಿಯ ಮೇಲಿನ ಗಾರೆಯ ಹೂಜಿಗಳನ್ನು ಕಂಡಾಗ ನನಗೆ ಕಳಶಗಳೇ ನೆನಪಾಗಿ ಕೈಗಳು ತಾವಾಗಿ ಜೋಡಿಕೊಳ್ಳುತ್ತಿದ್ದವು.

"ಅಪ್ಪ, ಅದು ಜಸ್ಟ್ ಡೆಕೋರೇಷನ್. ಎದುರುಮನೆಯವರು ನೋಡಿದ್ರೆ ಏನಂದ್ಕೋತಾರೆ?" ಎಂದು ಮಗಳು ನಗುತ್ತಿದ್ದಳು.

"ಅನ್ಕೊಳ್ಲಿ ಬಿಡು. ಅವರ ಮನಿಗೆ ಇಲ್ಲೀತನಕ ಯಾರೂ ನಮಸ್ಕಾರ ಮಾಡಿರಲಿಕ್ಕಿಲ್ಲ, ಖುಷಿ ಪಡ್ತಾರ," ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಉತ್ತರಿಸುತ್ತಿದ್ದಳು. ಅವಳು ಧಾರವಾಡದವಳು. ನಮ್ಮ ದಾಂಪತ್ಯ ಇಷ್ಟು ಹಳತಾದರೂ ಅವಳ ಮಾತಿಗೆ ಮೈಸೂರಿನ ನೀರು ತಾಗಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಅಮೃತಶಿಲೆಯ ಚೌಕಟ್ಟಿನ ಅಗ್ಗಿಷ್ಟಿಕೆಯೊಂದಿದೆ. ಅದರ ಹೊಗೆಗೂಡನ್ನು ಯಾವ ಕಾಲದಲ್ಲೋ ಮುಚ್ಚಿಬಿಟ್ಟಿದ್ದಾರೆ. ನಮ್ಮ ದೇವರ ಪೆಟ್ಟಿಗೆ ಊರಿನಿಂದ ಬಂದಾಗ ಅದನ್ನು ಎಲ್ಲಿ ಇಡುವುದೆಂದು ನಾನು ದಿಕ್ಕು ನೋಡುತ್ತ ನಿಂತಿದ್ದೆ. ಹೆಂಡತಿ ಆ ಗೂಡನ್ನು ತೊಳೆದು, ಮಣೆ ಹಾಕಿ, ಸಾಲಿಗ್ರಾಮದ ಸಂಪುಟವನ್ನು ಅಲ್ಲೇ ಇಟ್ಟುಬಿಟ್ಟಳು. "ಬೆಂಕಿ ಇದ್ದ ಜಾಗಾ ಅಂದ್ರ ಅಗ್ನಿದೇವರ ಮನಿನ ಅಲ್ಲೇನ್ರಿ? ನೀವ್ಯಾಕ ಪಂಚಾಂಗ ತಗೀತೀರಿ?" ಎಂದಳು. ಅಂದಿನಿಂದ ಆ ಗೂಡೇ ನಮ್ಮ ಗರ್ಭಗುಡಿ. ಎರಡು ಹೊತ್ತೂ ಅಲ್ಲಿ ದೀಪ ಹಚ್ಚುವುದು ಅವಳ ಕೆಲಸ. ನನಗೂ ಅದನ್ನು ಬಿಟ್ಟುಕೊಟ್ಟವಳಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಬೇಗನೆ ಮರಳಿತು, ಅದು ಭಗವಂತನ ದಯೆ. ಬಲಗೈ, ಬಲಗಾಲು ಮಾತ್ರ ಅವಳ ಮಾತನ್ನು ಕೇಳದಾದವು. ದೊಡ್ಡಾಸ್ಪತ್ರೆಯಿಂದ ಅವಳನ್ನು ಚೇತರಿಕೆಯ ಆಸ್ಪತ್ರೆಗೆ ಕಳುಹಿಸಿದರು. ಮನೆಗೆ ಬಿಡುವ ಮಾತು ಬಂದಾಗ ಅಲ್ಲಿಯ ಚಿಕಿತ್ಸಕರು ಒಂದು ಷರತ್ತು ಹೇಳಿದರು: ಗಾಲಿಕುರ್ಚಿ ಅಪಾಯವಿಲ್ಲದೆ ಮನೆಯೊಳಗೆ ಹೋಗಬೇಕು, ಹೊರಗೆ ಬರಬೇಕು. ಅದಾಗದಿದ್ದರೆ ಬೇರೆ ವ್ಯವಸ್ಥೆಯನ್ನೇ ನೋಡಬೇಕು.

ಆ ಬೇರೆ ವ್ಯವಸ್ಥೆ ಸಿಡ್ನಿಯಲ್ಲಿ ಸಿದ್ಧವಾಗಿಯೇ ಇತ್ತು. ನನ್ನ ಮಗ ಅಲ್ಲಿ ಮಾರ್ಸ್ಡನ್ ಪಾರ್ಕ್ ಎಂಬ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಾನೆ. ಅಲ್ಲಿಯ ಬೀದಿಗಳು ಎಷ್ಟು ಹೊಸವೆಂದರೆ ಸಾಲುಮರಗಳು ಇನ್ನೂ ಕೋಲಿನ ಆಸರೆಯಲ್ಲಿ ನಿಂತಿವೆ. "ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದ್ಬಿಡಿ ಅಪ್ಪ. ಕೆಳಗಡೆನೇ ಬೆಡ್‌ರೂಮ್ ಇದೆ, ಬಾಗಿಲೆಲ್ಲ ಅಗಲ, ಒಂದು ಸ್ಟೆಪ್ ಕೂಡ ಇಲ್ಲ. ಆ ಮ್ಯೂಸಿಯಮ್ ಒಳಗೆ ಅವಳು ಹೇಗಿರ್ತಾಳೆ?" ಎಂದು ಅವನು ಫೋನಿನಲ್ಲಿ ಹೇಳಿದ. ಅದರಲ್ಲಿ ಅಕ್ಕರೆಯೇ ಇತ್ತು, ತಪ್ಪೇನೂ ಇರಲಿಲ್ಲ.

ಅವಳಿಗೆ ಇದನ್ನು ತಿಳಿಸಿದಾಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. "ಅವನ ಮನಿ ಛಲೋನ ಅದ, ಇಲ್ಲಂತೇನಿಲ್ಲ. ಆದ್ರ ಅಲ್ಲಿ ನಾ ಬೀಗರು ಬಂದ್ಹಂಗ ಕೂಡಬೇಕಾಗ್ತದ. ನಾ ತೊಳದ ಗೂಡು ಇಲ್ಲೇ, ನಾ ಅಲ್ಲೆ. ಯಾಕ ಬೇಕು?" ಎಂದಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಅವಳು ಕೇಳಿದ್ದು ಅಷ್ಟೇ, ತನ್ನ ಮನೆಗೆ ಮರಳುವುದು. ಅದನ್ನು ನಾವು ಮಾಡಿಕೊಡಬಲ್ಲೆವೋ ಇಲ್ಲವೋ ಎಂಬುದು ಆ ಮುಂದಿನ ಮೆಟ್ಟಿಲುಗಳ ಮೇಲೆ ನಿಂತಿತ್ತು.

ಮಗಳು ಕೌನ್ಸಿಲ್ಲಿಗೆ ಫೋನ್ ಮಾಡಿದಳು. ಪಾರಂಪರಿಕ ಕಟ್ಟಡಗಳ ಸಲಹೆಗಾರ್ತಿಯೊಬ್ಬರು ತಾವೇ ಬಂದು ನೋಡಿದರು. ಬಹಳ ಸೌಜನ್ಯದ ಹೆಣ್ಣುಮಗಳು. ಜಗಲಿಯ ಹೆಂಚಿನ ಮೇಲೆ ಕಾಲಿಡುವಾಗಲೂ ಮೆಲ್ಲಗೆ ಇಡುತ್ತಿದ್ದರು. ಮೆಟ್ಟಿಲಿನ ಮೇಲೆ ಶಾಶ್ವತವಾದ ಇಳಿಜಾರು ಕಟ್ಟಲು ಅರ್ಜಿ ಹಾಕಬಹುದು, ಅಕ್ಕಪಕ್ಕದವರಿಗೆ ತಿಳಿಸಬೇಕು, ತೀರ್ಮಾನವಾಗಲು ತಿಂಗಳುಗಳು ಹಿಡಿಯಬಹುದು ಎಂದರು. ತಾತ್ಕಾಲಿಕವಾಗಿ ಹಲಗೆ ಇಡೋಣವೆಂದರೆ ಮೆಟ್ಟಿಲುಗಳ ಮುಂದೆ ಅದಕ್ಕೆ ಬೇಕಾದಷ್ಟು ಜಾಗವೇ ಇಲ್ಲ. ಕುರ್ಚಿ ಜಾರುಬಂಡೆಯ ಮೇಲಿಟ್ಟಂತೆ ಬೀದಿಗೆ ಧುಮುಕುತ್ತಿತ್ತು. "ಹಿಂದಿನ ಓಣಿಯ ಗೇಟನ್ನು ಅಗಲ ಮಾಡಿಕೊಳ್ಳಿ. ಅದು ಬೀದಿಗೆ ಕಾಣುವುದಿಲ್ಲ, ನಮ್ಮ ಆಕ್ಷೇಪವೇನೂ ಇಲ್ಲ. ಓಣಿಯ ಕಲ್ಲುಗಳನ್ನು ಮಾತ್ರ ಮುಟ್ಟಬೇಡಿ, ಅವೂ ರಕ್ಷಿತ," ಎಂದು ಹೇಳಿ ಹೋದರು.

ಮಗಳ ಮುಖ ಅರಳಿತು. "ಅಪ್ಪ, ಸೂಪರ್ ಅಲ್ವಾ! ನಮಗೆ ಹಿಂದಿನ ಗೇಟ್ ತಲೆಗೇ ಬಂದಿರ್ಲಿಲ್ಲ. ಒಳಗೆ ಬಂದ್ರೆ ಕಿಚನ್‌ವರೆಗೂ ಲೆವೆಲ್ಲು. ನಾಳೆನೇ ಕಾರ್ಪೆಂಟರ್‌ನ ಬುಕ್ ಮಾಡ್ತೀನಿ."

ನನಗೆ ಮಾತ್ರ ಅದು ಹಿಡಿಸಲಿಲ್ಲ. ಅದಕ್ಕೆ ಕಾರಣವಿತ್ತು. ಈ ಬಡಾವಣೆಯ ಇತಿಹಾಸ ತಿಳಿಯುವ ಉತ್ಸಾಹದಲ್ಲಿ ಹಿಂದೊಮ್ಮೆ ಇಲ್ಲಿಯ ಹಿರಿಯರ ಗುಂಪಿನೊಡನೆ ಒಂದು ನಡಿಗೆಗೆ ಹೋಗಿದ್ದೆ. ಮನೆಗಳ ಬೆನ್ನಿಗೆ ಈ ಕಿರುಓಣಿಗಳನ್ನು ಬಿಟ್ಟದ್ದು ಏತಕ್ಕೆಂದು ಅಂದು ನಮ್ಮ ಮಾರ್ಗದರ್ಶಕರು ವಿವರಿಸಿದ್ದರು. ಒಳಚರಂಡಿ ಇಲ್ಲದ ಕಾಲದಲ್ಲಿ ಇರುಳು ಗಾಡಿ ತಂದು, ಹಿತ್ತಿಲ ಗೋಡೆಯ ಪುಟ್ಟ ಕಿಂಡಿಯಿಂದ ಮಲದ ಡಬ್ಬಿಯನ್ನು ಎಳೆದೊಯ್ಯುವ ದಾರಿಯಂತೆ ಅದು. ನಮ್ಮ ಗೇಟಿನ ಪಕ್ಕದಲ್ಲೂ ಅಂಥದೊಂದು ಕಿಂಡಿ ಇದೆ. ಅದನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ. ಈಗ ಅಲ್ಲಿ ಹೊಲಸಿನ ಸುಳಿವೂ ಇಲ್ಲ, ಮಳೆಬಿದ್ದಾಗ ಕಲ್ಲುಗಳು ಸಾಣೆ ಹಿಡಿದಂತೆ ಹೊಳೆಯುತ್ತವೆ. ಇದೆಲ್ಲ ನನಗೆ ಗೊತ್ತು. ಆದರೂ ಈ ಮನೆಯ ದೀಪವನ್ನು ಹೊತ್ತಿಸಿದವಳು, ಸಾವಿನ ಬಾಗಿಲು ತಟ್ಟಿ ಹಿಂದಿರುಗುತ್ತಿರುವವಳು. ಅವಳನ್ನು ಆ ದಾರಿಯಲ್ಲಿ ದೇವರ ಮುಂದೆ ಕರೆತರುವುದೇ? ಆ ರಾತ್ರಿ ಊಟ ಬಿಟ್ಟು ಎದ್ದೆ.

ಮರುದಿನ ಆಸ್ಪತ್ರೆಯಲ್ಲಿ ಅವಳು ನನ್ನನ್ನು ನೋಡಿದ ಕೂಡಲೆ ಕೇಳಿದಳು, "ಯಾಕ್ರೀ, ಮಾರಿ ಸಣ್ಣ ಆಗೇದ? ನಾ ಇನ್ನೂ ಇದ್ದೀನಿ."

ಎಲ್ಲವನ್ನೂ ಹೇಳಿದೆ. ಕಿಂಡಿಯ ವಿಷಯ ಬಂದಾಗ ಅವಳು ನಗತೊಡಗಿದಳು. ತುಟಿಯ ಬಲಭಾಗ ಇನ್ನೂ ಪೂರ್ತಿ ಏಳದಿದ್ದುದರಿಂದ ಆ ನಗು ಒಂದು ಕಡೆಗೆ ವಾಲಿಕೊಂಡಿತ್ತು. ಅದಕ್ಕೇ ಏನೋ, ಹಿಂದೆಂದಿಗಿಂತ ತುಂಟತನವೇ ಕಂಡಿತು.

"ಅಯ್ಯ, ಇಷ್ಟಕ್ಕ ಊಟಾ ಬಿಟ್ಟೀರೇನು? ಇಲ್ಲೆ ನನಗ ಜಳಕಾ ಮಾಡಿಸಿದವರು ಯಾರು, ಡಬ್ಬಿ ಇಟ್ಟು ತಗದವರು ಯಾರು, ನಿಮಗ ಗೊತ್ತದೇನು? ನಾ ಬಿದ್ದ ದಿವಸನ ನನ್ನ ಮಡಿ ಮುಗೀತು. ಆ ನರ್ಸ್ ಹುಡಿಗ್ಯಾರ ಕೈಯಾಗ ದೇವರನ್ನ ಕಂಡೀನಿ ನಾ."

"ನಿನ್ನ ಮಾತು ಸರಿ. ಆದರೂ ಹಿಂಬಾಗಿಲಿನಿಂದ ದೇವರ ಬಳಿಗೆ..."

"ಉಡುಪಿ ಕೃಷ್ಣ ಭಕ್ತನ ಸಲವಾಗಿ ತಾನ ಹಿಂದಕ್ಕ ತಿರುಗಿ ನಿಂತಾನ. ನಾ ಹಿಂದಿನಿಂದ ಹೋದ್ರ ಬ್ಯಾಡ ಅಂತಾನೇನು? ಶಾಸ್ತ್ರಿಗಳು ನೀವು. ಇದನ್ನ ನಿಮಗ ನಾ ಹೇಳಬೇಕು!" ಎಂದವಳು ದನಿ ತಗ್ಗಿಸಿ ಕೇಳಿದಳು: "ಕರ್ಕೊಂಡು ಹೋಗ್ತೀರಿಲ್ಲೋ?"

ಅಷ್ಟು ದೊಡ್ಡ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. "ಕರೆದುಕೊಂಡು ಹೋಗುತ್ತೇನೆ," ಎಂದೆ.

ಬಡಗಿ ಬಂದು ಗೇಟನ್ನು ಅಗಲಿಸಿದ. ತಡೆಯಾಗಬಾರದೆಂದು ಕೆಳಗಿನ ಪಟ್ಟಿಯನ್ನು ತೆಗೆದು ನೆಲವನ್ನು ಓಣಿಗೆ ಸಮ ಮಾಡಿದ. ಅವಳು ಬರುವ ದಿನ ಬೆಳಿಗ್ಗೆ ನಾನು ಮಡಿಯುಟ್ಟು, ಕಲಶದಲ್ಲಿ ನೀರು ತುಂಬಿ, ಪುಣ್ಯಾಹದ ಮಂತ್ರಗಳನ್ನು ಹೇಳಿ, ಮಾವಿನೆಲೆ ಸಿಗದ ಊರಿನಲ್ಲಿ ತುಳಸಿಯ ಕುಡಿಯಿಂದಲೇ ಓಣಿಯ ಕಲ್ಲುಗಳ ಮೇಲೆ ಪ್ರೋಕ್ಷಿಸುತ್ತ ಹೊರಟೆ. ಅವಳಿಗೆ ಇದು ಬೇಕಿರಲಿಲ್ಲ. ನನಗೆ ಬೇಕಿತ್ತು. ಮುಚ್ಚಿದ ಕಿಂಡಿಯ ಎದುರು ಮಾತ್ರ ಮಂತ್ರ ನಿಂತು ಹೋಯಿತು. ಆ ಡಬ್ಬಿಗಳನ್ನು ಕತ್ತಲಲ್ಲಿ ಹೊತ್ತವರ ನೆನಪಾಯಿತು. ಅವರ ಹೆಸರು ಈ ಬೀದಿಯ ಯಾವ ಫಲಕದಲ್ಲೂ ಇಲ್ಲ. ಆ ಇಟ್ಟಿಗೆಗಳಿಗೆ ನಮಸ್ಕರಿಸಿ ಮುಂದೆ ನಡೆದೆ.

ಪಕ್ಕದ ಹಿತ್ತಿಲಿನಿಂದ ನೆರೆಮನೆಯ ಅಜ್ಜಿ ಇಣುಕಿದರು. ಇಟಲಿಯ ಹಳ್ಳಿಯೊಂದರಿಂದ ಮದುವೆಯಾಗಿ ಬಂದು ಇಲ್ಲೇ ಮುಪ್ಪಾದವರು. ಅವರ ಇಂಗ್ಲಿಷಿಗೆ ಇಟಲಿಯ ರಾಗ, ನನ್ನದಕ್ಕೆ ಮೈಸೂರಿನದು. ಆದರೂ ಪರಸ್ಪರ ಅರ್ಥವಾಗದ ದಿನವಿರಲಿಲ್ಲ.

"ಅದೇನು, ಹೋಲಿ ವಾಟರಾ?" ಎಂದು ಕೇಳಿದರು.

"ಹೌದು. ಇಂದು ನನ್ನ ಹೆಂಡತಿ ಈ ದಾರಿಯಲ್ಲಿ ಮನೆಗೆ ಬರುತ್ತಾಳೆ."

"ನಾನು ಮದುವಣಗಿತ್ತಿಯಾಗಿ ಬಂದದ್ದೂ ಇದೇ ದಾರಿಯಲ್ಲಿ. ನಮ್ಮ ಮುಂಬಾಗಿಲು ಪಾದ್ರಿ ಬಂದರೆ ಮಾತ್ರ ತೆರೆಯುತ್ತಿತ್ತು. ನನ್ನ ಗಂಡ ಆ ಬಾಗಿಲಿನಿಂದ ಹೋದದ್ದು ಒಂದೇ ಸಲ, ಶವಪೆಟ್ಟಿಗೆಯಲ್ಲಿ," ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮರುಕ್ಷಣವೇ ತಮ್ಮ ಗೇಟನ್ನು ಅಗಲವಾಗಿ ತೆರೆದು, "ಇಲ್ಲಿಗೂ ಹಾಕಿ. ನನ್ನ ಮಂಡಿಗೂ ಸ್ವಲ್ಪ. ಜಿಪುಣತನ ಮಾಡಬೇಡಿ," ಎಂದರು. ನಾನು ಧಾರಾಳವಾಗಿಯೇ ಚಿಮುಕಿಸಿದೆ.

ಮಧ್ಯಾಹ್ನ ಟ್ಯಾಕ್ಸಿ ಓಣಿಯ ಬಾಯಲ್ಲಿ ನಿಂತಿತು. ಮಗಳು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದಳು. ಉಬ್ಬುತಗ್ಗಿನ ಕಲ್ಲುಗಳ ಮೇಲೆ ಅದು ಕುಲುಕಾಡುತ್ತಿತ್ತು.

"ಗಟ್ಟಿಯಾಗಿ ಹಿಡ್ಕೊ ಅಮ್ಮ. ಈ ಕಲ್ಲುಗಳನ್ನ ಏನೂ ಮಾಡೋ ಹಾಗಿಲ್ಲ, ಹೆರಿಟೇಜ್."

"ಕಲ್ಲಿಗೆ ಎಷ್ಟು ಮರ್ಯಾದಿ ಅದ ನೋಡು ಈ ಊರಾಗ! ನನ್ನ ಎಲುಬಿಗೂ ಒಂದು ಹೆರಿಟೇಜ್ ಮಾಡಸ್ರೇ," ಎಂದಳು ಅವಳು. ಗೋಡೆಯ ಮೇಲಿಂದ ನೋಡುತ್ತಿದ್ದ ನೆರೆಯ ಅಜ್ಜಿ, ಒಂದು ಮಾತೂ ತಿಳಿಯದಿದ್ದರೂ, ನಮ್ಮೊಡನೆ ನಕ್ಕರು.

ಗೇಟಿನ ಬಳಿ ಕುರ್ಚಿ ನಿಂತಿತು. ಬಡಗಿ ನೆಲ ಸಮ ಮಾಡಿದ್ದರಿಂದ ಅಲ್ಲಿ ಹೊಸ್ತಿಲೇ ಇರಲಿಲ್ಲ. ಆ ಕೊರತೆ ನೀಗಲೆಂದು ನಾನು ಅಕ್ಕಿಹಿಟ್ಟಿನಲ್ಲಿ ಎರಡು ಗೆರೆ ಎಳೆದು, ನಡುವೆ ಅರಿಶಿನ ಕುಂಕುಮ ಇಟ್ಟಿದ್ದೆ. ಜೀವಮಾನದಲ್ಲಿ ರಂಗೋಲಿ ಎಳೆದ ಕೈಯಲ್ಲ ನನ್ನದು.

ಅವಳು ಬಗ್ಗಿ ನೋಡಿದಳು. "ಇದು ಯಾರ ಕೈಚಳಕ? ಹಾವು ಹರದ್ಹಂಗ ಅದ."

"ಹೊಸ್ತಿಲು," ಎಂದೆ.

ಅವಳ ಮುಖದಿಂದ ನಗು ಮೆಲ್ಲಗೆ ಸರಿಯಿತು. ಕುರ್ಚಿಯ ಪಾದದ ಹಲಗೆಯನ್ನು ಮಡಿಸಲು ಮಗಳಿಗೆ ಹೇಳಿದಳು. ಅನಂತರ ಎಡಗೈಯಿಂದ ತನ್ನ ಬಲಮಂಡಿಯ ಕೆಳಗಿನ ಸೀರೆಯನ್ನು ಹಿಡಿದು, ಉಸಿರು ಬಿಗಿಹಿಡಿದು, ಆ ಕಾಲನ್ನು ಎತ್ತಿದಳು. ಮಗಳು ನೆರವಾಗಲು ಬಾಗಿದಾಗ ಬೇಡವೆಂದು ತಲೆಯಾಡಿಸಿದಳು. ಒಮ್ಮೆ ಕಾಲು ಜಾರಿತು. ಮತ್ತೆ ಎತ್ತಿದಳು. ಎಷ್ಟೋ ವಾರಗಳಿಂದ ತನ್ನದಲ್ಲವೆಂಬಂತೆ ಬಿದ್ದಿದ್ದ ಆ ಬಲಪಾದ ಹಿಟ್ಟಿನ ಗೆರೆಗಳಾಚೆ, ಮನೆಯ ನೆಲದ ಮೇಲೆ ಇಳಿಯಿತು.

"ಬಲಗಾಲನ್ನ ಇಟ್ಟೀನಿ ನೋಡ್ರಿ," ಎಂದಳು. ಹಣೆಯ ಮೇಲೆ ಬೆವರಿತ್ತು. "ಇನ್ನ ದಬ್ಬು."

ಗಾಲಿಗಳು ಹಿಟ್ಟನ್ನು ಮೆತ್ತಿಕೊಂಡು ಅಡುಗೆಮನೆ ದಾಟಿ, ಉದ್ದನೆಯ ನಡುಮನೆಯ ಮರದ ನೆಲದ ಮೇಲೆ ಎರಡು ಬಿಳಿಯ ಪಟ್ಟಿಗಳನ್ನು ಬಿಡುತ್ತ ಸಾಗಿದವು. ಮುಂದಿನ ಕೋಣೆಯಲ್ಲಿ ಕುರ್ಚಿಯನ್ನು ದೇವರ ಗೂಡಿನ ಎದುರು ನಿಲ್ಲಿಸಿದೆವು. ಮಗಳು ದೀಪಕ್ಕೆ ಎಣ್ಣೆ ತರಲು ಹೋದಳು. ಇವಳು ಎಡಗೈಯನ್ನು ಎದೆಯ ಮಟ್ಟಕ್ಕೆ ತಂದಳು; ಜೊತೆಯಾಗಬೇಕಾದ ಕೈ ಮಡಿಲಲ್ಲೇ ಇತ್ತು. ನಾನು ಮಂಡಿಯೂರಿ, ಆ ಬಲಗೈಯನ್ನೆತ್ತಿ ಎಡಗೈಗೆ ಸೇರಿಸಿ, ಎರಡನ್ನೂ ನನ್ನ ಕೈಗಳಲ್ಲಿ ಹಿಡಿದುಕೊಂಡೆ. ಅವಳ ತುಟಿಗಳು ಅಲುಗುತ್ತಿದ್ದವು. ಅವು ನಿಂತವೆಂದುಕೊಂಡು ಕೈ ಸಡಿಲಿಸಿದೆ.

"ಬಿಡಬ್ಯಾಡ್ರಿ," ಎಂದಳು ಕಣ್ಣು ತೆರೆಯದೆ. "ನಂದಿನ್ನೂ ಮುಗದಿಲ್ಲ."