ಪೆಟ್ಟಿಗೆ ಇಲ್ಲದ ಮೊದಲ ಪ್ರೋಗ್ರಾಂ

ಹೋದ ವರ್ಷ ಯುಗಾದಿ ಕಳೆದು ಲಗ್ನದ ದಿನಗಳು ಶುರುವಾಗಿದ್ದವು. ಶಿವಮೊಗ್ಗದ ವಿನೋಬನಗರದ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ಅಲ್ಲಿ ತುಂಬಿದ ಸಭೆಯ ಎದುರಿಗೆ ನಾನು ಮಾಡಿದ ಕೆಲಸವನ್ನು ನನ್ನ ಮಗಳು ಇವತ್ತಿಗೂ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಇಲ್ಲದ್ದನ್ನೂ ಸೇರಿಸಿ ಹೇಳುತ್ತಾಳೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದು ಮಾತ್ರ ಹೀಗೇ.

ನಾವು ಭದ್ರಾವತಿ ನ್ಯೂ ಟೌನಿನವರು. ಮಗಳು ಭಾಗ್ಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾಳೆ. ವಯಸ್ಸು ನಲವತ್ತು ದಾಟಿದೆ. ಮದುವೆ ಮಾಡಿಕೊಟ್ಟಿದ್ದೆವು, ಹೊಂದಲಿಲ್ಲ, ವಾಪಸು ಬಂದಳು. ಅದರ ಕಥೆ ಇಲ್ಲಿ ಬೇಡ. ಗಿಟಾರ್ ಬಿಟ್ಟರೆ ಅವಳಿಗೆ ಬೇರೆ ಕಸುಬು ಗೊತ್ತಿಲ್ಲ, ಕಲಿಯುವ ಮನಸ್ಸೂ ಇಲ್ಲ.

ಆ ಗಿಟಾರಿಗೆ ಒಂದು ಸ್ಪೀಕರ್ ಪೆಟ್ಟಿಗೆ ಇತ್ತು. ನನ್ನ ಗಂಡ ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ ಮಿಷಿನ್ ಸಾಮಾನು ತುಂಬಿ ಕಳಿಸುವ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಇದನ್ನೂ ಅವನೇ ಮಾಡಿ, ಒಳಗೆ ದೊಡ್ಡ ದೊಡ್ಡ ಸ್ಪೀಕರ್ ಕೂರಿಸಿಕೊಟ್ಟ. ಕಬ್ಬಿಣ ತುಂಬುವ ಪೆಟ್ಟಿಗೆ ಮಾಡಿ ಅಭ್ಯಾಸವಾದ ಕೈ, ಇದನ್ನೂ ಹಾಗೇ ಮಾಡಿದ. ನನ್ನ ಎದೆಮಟ್ಟ ಬರುತ್ತಿತ್ತು. ಇಬ್ಬರು ಹಿಡಿದರೂ ಉಸಿರು ಕಟ್ಟುತ್ತಿತ್ತು. ಅವನು ಸತ್ತ ಮೇಲೆ ಒಂದು ತುದಿ ಭಾಗ್ಯ, ಇನ್ನೊಂದು ತುದಿ ನಾನು.

ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿ ಮಾಡಿ ನನ್ನ ಕಿವಿ ಮಂದ. ಪ್ರೋಗ್ರಾಂ ನಡೆಯುವಾಗ ಸ್ಟೇಜಿನಲ್ಲಿ ಪೆಟ್ಟಿಗೆಯ ಹಿಂದೆ ಸ್ಟೂಲ್ ಹಾಕಿಕೊಂಡು, ಹಲಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಹಲಗೆ ಅದುರಿದರೆ ಮಗಳು ನುಡಿಸುತ್ತಿದ್ದಾಳೆ, ಅದುರದಿದ್ದರೆ ನಿಲ್ಲಿಸಿದ್ದಾಳೆ. ನನಗೆ ಗೊತ್ತಿದ್ದ ಸಂಗೀತ ಅಷ್ಟೇ. ಆದರೂ ಒಮ್ಮೆ ವಯರ್ ಕಿತ್ತುಹೋದಾಗ ಎಲ್ಲರಿಗಿಂತ ಮೊದಲು ಕಂಡುಹಿಡಿದವಳು ನಾನೇ. ಹಲಗೆ ಸತ್ತ ಹಾಗಾಯಿತು, ಎದ್ದು ಹೋಗಿ ಹೇಳಿದೆ.

ಆಮೇಲೆ ಒಂದು ದಿನ ಲಗೇಜ್ ಆಟೋದಿಂದ ಪೆಟ್ಟಿಗೆ ಇಳಿಸುವಾಗ ಭಾಗ್ಯಳ ಸೊಂಟ ಹಿಡಿದುಕೊಂಡಿತು. ಡಿಸ್ಕ್ ಜಾರಿದೆ, ಇನ್ನು ಭಾರ ಎತ್ತಿದರೆ ಆಪರೇಷನ್ನೇ ಎಂದರು ಡಾಕ್ಟರು. ತಿಂಗಳುಗಟ್ಟಲೆ ಮಲಗಿದ್ದಳು. ಎದ್ದವಳು ಒಂದು ತಗಡಿನ ಡಬ್ಬಿ ತಂದಳು. ಬುತ್ತಿ ಕ್ಯಾರಿಯರ್ ಮಲಗಿಸಿದಷ್ಟು ಇತ್ತು, ಮೇಲೆ ಕಾಲಲ್ಲಿ ಒತ್ತುವ ಗುಂಡಿಗಳು. ಗಿಟಾರಿನ ವಯರನ್ನು ಇದಕ್ಕೆ ಚುಚ್ಚಿದರೆ ದೊಡ್ಡ ಪೆಟ್ಟಿಗೆಯ ಸದ್ದನ್ನು ಇದೇ ಹುಟ್ಟಿಸುತ್ತದಂತೆ. ಇಲ್ಲಿಂದ ಅದು ನೇರ ಮಂಟಪದ ಮೈನ್ ಸ್ಪೀಕರಿಗೆ ಹೋಗುತ್ತದಂತೆ.

"ಇದ್ರೊಳಗೆ ಅಂಥ ಪೆಟ್ಟಿಗೆ ಬೇಕಾದಷ್ಟು ಇದಾವೆ ಕಣಮ್ಮ" ಎಂದಳು.

"ನಿಮ್ಮಪ್ಪ ಮಾಡಿದ್ದೂ ಇದ್ಯಾ?"

"ಅದಿಲ್ಲ. ಹತ್ತಿರ ಹತ್ತಿರ ತರ್ತೀನಿ."

ಅವತ್ತಿನಿಂದ ವಯರನ್ನು ಅಪ್ಪನ ಪೆಟ್ಟಿಗೆಗೆ ಒಮ್ಮೆ ಚುಚ್ಚುವುದು, ಡಬ್ಬಿಗೆ ಒಮ್ಮೆ ಚುಚ್ಚುವುದು, ಗುಂಡಿ ತಿರುಗಿಸುವುದು. ಅನ್ನ ಆರಿಹೋದರೂ ಏಳುತ್ತಿರಲಿಲ್ಲ.

ಆರ್ಕೆಸ್ಟ್ರಾ ನಡೆಸುವ ಸೆಲ್ವರಾಜ್ ಬಂದು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಹಿಡಿಸಲಿಲ್ಲ.

"ಏನಮ್ಮಾ ಭಾಗ್ಯ, ಸ್ಟೇಜ್ ಮೇಲೆ ಬಾಕ್ಸ್ ಇಲ್ದಿದ್ರೆ ಪಾರ್ಟಿಯವ್ರು ನಮ್ಮನ್ನ ಭಜನೆ ಮಂಡ್ಳಿ ಅನ್ಕೋತಾರೆ. ಒಂದು ಪ್ರೋಗ್ರಾಂ ನೋಡ್ತೀನಿ. ಸೌಂಡ್ ತೆಳ್ಳಗಾಯ್ತೋ, ಗಿಟಾರ್ ಭಾಗಾನೂ ನಾನೇ ಕೀಬೋರ್ಡಲ್ಲಿ ಹೊಡ್ಕೋತೀನಿ. ಬೇಜಾರ್ ಮಾಡ್ಕೋಬಾರ್ದು."

ಅವನು ಹೋದ ಮೇಲೆ ಭಾಗ್ಯ ಮತ್ತೆ ಡಬ್ಬಿಯ ಮುಂದೆ ಕೂತಳು.

ಆ ಒಂದು ಪ್ರೋಗ್ರಾಂ ಅಂದರೆ ಈ ಆರತಕ್ಷತೆ. ಡಬ್ಬಿಯನ್ನು ಬಗಲಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೇ ಹೋದೆವು. ಎತ್ತಲು ಏನೂ ಇಲ್ಲದೆ ನನ್ನ ಕೈಗೆ ಕೆಲಸವಿರಲಿಲ್ಲ. ಸ್ಟೇಜಿನಲ್ಲಿ ಎಂದಿನ ಜಾಗದಲ್ಲಿ ಸ್ಟೂಲ್ ಹಾಕಿ ಕೂತೆ. ಬೆನ್ನಿಗೆ ಹಲಗೆ ಇಲ್ಲ, ಬರೀ ಪರದೆ.

ಹಾಡು ಶುರುವಾಯಿತು. ಡ್ರಮ್ಮು ಕಾಲಿಗೆ ತಿಳಿಯುತ್ತಿತ್ತು. ಭಾಗ್ಯಳ ಬೆರಳು ಓಡುತ್ತಿದ್ದವು. ಆದರೆ ಗಿಟಾರಿನ ಸದ್ದು ನನಗೆ ಎಲ್ಲೂ ಸಿಗಲಿಲ್ಲ. ಮೈನ್ ಸ್ಪೀಕರುಗಳು ಜನರ ಕಡೆಗೆ ಮುಖ ಮಾಡಿರುತ್ತವೆ, ಹಿಂದೆ ಕೂತವರಿಗೆ ಏನೂ ಬರುವುದಿಲ್ಲ ಎಂಬುದು ನನಗೇನು ಗೊತ್ತು. ವಯರ್ ಹೋಗಿದೆ, ಇವಳು ನೋಡಿಕೊಳ್ಳದೆ ನುಡಿಸುತ್ತಿದ್ದಾಳೆ, ಸೆಲ್ವರಾಜನಿಗೆ ಗೊತ್ತಾಗುವುದರೊಳಗೆ ನಿಲ್ಲಿಸಬೇಕು ಅಂದುಕೊಂಡೆ. ಅವನಿಗೆ ಗೊತ್ತಾದರೆ ಮಗಳ ಕಸುಬು ಅವತ್ತಿಗೇ ಮುಗಿಯಿತು.

ಎದ್ದು ನೇರ ನಡೆದೆ. ಹಾಡುತ್ತಿದ್ದ ಶಾಂತಲಾಳ ಪಕ್ಕದಲ್ಲೇ ಹಾದು ಹೋಗಿ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದೆ.

"ನಿಲ್ಸೇ ಮಾರಾಯ್ತಿ. ಬರ್ತಿಲ್ಲ ಅದು."

ಕಿವಿ ಮಂದವಾದವರು ಮೆಲ್ಲಗೆ ಮಾತಾಡುವುದಿಲ್ಲ. ಶಾಂತಲಾಳ ಮೈಕು ಪಕ್ಕದಲ್ಲೇ ಇತ್ತು. ನನ್ನ ಮಾತು ಊಟದ ಹಾಲ್‌ವರೆಗೂ ಹೋಯಿತಂತೆ. ಹಾಡು ನಿಂತಿತು. ಸೆಲ್ವರಾಜ್ ಕೀಬೋರ್ಡಿನ ಹಿಂದೆ ತಲೆಯ ಮೇಲೆ ಕೈ ಇಟ್ಟುಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೂಗಿ ಹೇಳಿದರು: "ಬರ್ತಿತ್ತು ಅಜ್ಜಿ, ನೀವೇ ನಿಲ್ಸಿದ್ದು."

ಮದುಮಕ್ಕಳೂ ಸೇರಿ ಇಡೀ ಮಂಟಪ ನಕ್ಕಿತು. ಅದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

ನಾನು ಕೈ ತೆಗೆಯದೆ ಹಾಗೇ ನಿಂತಿದ್ದೆ. ತೆಗೆದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಭಾಗ್ಯ ಬೈಯಲಿಲ್ಲ. ತಾನು ನುಡಿಸಿದ್ದು ತನಗೆ ಕೇಳಲೆಂದು ಡಬ್ಬಿಗೆ ಚುಚ್ಚಿ ಹಾಕಿಕೊಂಡಿದ್ದ ಇಯರ್‌ಫೋನಿನಲ್ಲಿ ಒಂದನ್ನು ಕಿತ್ತು ನನ್ನ ಕಿವಿಗೆ ಒತ್ತಿದಳು. ಅದರ ಸೌಂಡ್ ಗುಂಡಿ ಪೂರ್ತಿ ತಿರುಗಿಸಿದಳು.

"ಈಗ ಕೈ ತೆಗಿ. ಕೇಳು."

ಸೆಲ್ವರಾಜ್ ಮತ್ತೆ ಹಾಡು ಎತ್ತಿಕೊಂಡ, ಬೇರೆ ದಾರಿ ಇರಲಿಲ್ಲ. ಅವಳು ನುಡಿಸಿದಳು. ದಪ್ಪ ತಂತಿಯ ಸದ್ದು ನನಗೆ ಗೊತ್ತಿತ್ತು, ಬೆನ್ನಿಗೆ ಪರಿಚಯದ್ದು. ಅದರ ಮೇಲೆ ಇನ್ನೊಂದು ಸಣ್ಣ ಸದ್ದು ಹತ್ತಿ ಇಳಿಯುತ್ತಿತ್ತು. ಇದ್ಯಾರು ಎಂದು ಅವಳ ಬೆರಳು ನೋಡಿದೆ. ಅವಳೇ. ಇಷ್ಟು ವರ್ಷ ಒಂದೇ ಸ್ಟೇಜಿನಲ್ಲಿ ಕೂತು, ಅವಳು ಸಣ್ಣ ತಂತಿಯನ್ನೂ ನುಡಿಸುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಹಲಗೆ ಅದನ್ನು ಹೇಳಿರಲಿಲ್ಲ. ಇಯರ್‌ಫೋನಿನ ವಯರ್ ಗಿಡ್ಡ. ಹಾಡು ಮುಗಿಯುವವರೆಗೆ ಅವಳ ಭುಜಕ್ಕೆ ಅಂಟಿಕೊಂಡು ಜನರ ಎದುರಿಗೆ ನಿಂತೆ. ನಾಚಿಕೆ ಆಗಬೇಕಿತ್ತು. ಅದಕ್ಕೆ ಪುರುಸೊತ್ತಿರಲಿಲ್ಲ.

ಪ್ರೋಗ್ರಾಂ ಮುಗಿದು ಊಟಕ್ಕೆ ಕೂತಾಗ ಸೆಲ್ವರಾಜ್ ಬಾಯಿ ಬಿಡುವ ಮೊದಲೇ ಶಾಂತಲಾ ಹೇಳಿದಳು: "ಅಣ್ಣ, ಇವತ್ತು ನನ್ನ ಗಂಟ್ಲು ನೋಯ್ತಿಲ್ಲ. ಆ ಪೆಟ್ಗೆ ಮುಂದೆ ಕಿರ್ಚೋದು ತಪ್ತು. ಅದನ್ನ ಮತ್ತೆ ತಂದ್ರೆ ನಾನು ಬರಲ್ಲ."

ಸೆಲ್ವರಾಜ್ ಪಾಯಸ ಕುಡಿದು ಲೋಟ ಕೆಳಗಿಟ್ಟ. "ಮುಂದೆ ಕೂತವ್ರೂ ಚೆನ್ನಾಗಿತ್ತು ಅಂದ್ರು. ಸರಿ ಭಾಗ್ಯ, ಡಬ್ಬಿನೇ ಇರ್ಲಿ. ಆದ್ರೆ ಅಮ್ಮನ್ನ ಇನ್ಮೇಲೆ ಸ್ಟೇಜ್ ಕೆಳಗೆ ಕೂರ್ಸು."

ಈಗ ಸ್ಟೇಜಿನ ಕೆಳಗೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಗಂಡ ಮಾಡಿದ ಪೆಟ್ಟಿಗೆಯನ್ನು ಮಾರಲಿಲ್ಲ, ಎಸೆಯಲೂ ಇಲ್ಲ. ಸ್ಪೀಕರ್ ಬಿಚ್ಚಿಸಿ ಅಡುಗೆಮನೆಯಲ್ಲಿ ಇಟ್ಟು ಈರುಳ್ಳಿ ತುಂಬಿದ್ದೇನೆ. ಮುಂದೆ ಜಾಲರಿ ಇರುವುದರಿಂದ ಗಾಳಿ ಆಡುತ್ತದೆ, ಕೊಳೆಯುವುದಿಲ್ಲ. ಒಳ್ಳೆಯ ಪೆಟ್ಟಿಗೆ.

ಭಾಗ್ಯಳ ಸೊಂಟ ನೆಟ್ಟಗಾಗಿದೆ. ಈ ವರ್ಷ ಮೊದಲಿಗಿಂತ ಹೆಚ್ಚು ಕಡೆ ಕರೆಯುತ್ತಿದ್ದಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಇಯರ್‌ಫೋನ್ ನನ್ನದು. ಒಂದು ಹಾಡಿನಲ್ಲಿ ಯಾವಾಗಲೂ ಒಂದೇ ಕಡೆ ತಪ್ಪುತ್ತಾಳೆ. ಮೊದಲೂ ತಪ್ಪುತ್ತಿದ್ದಳೋ ಏನೋ, ನನಗೆ ಗೊತ್ತಿರಲಿಲ್ಲ. ಈಗ ತಪ್ಪಿದ ಕೂಡಲೇ ಅವಳ ಮೊಣಕೈ ತಿವಿಯುತ್ತೇನೆ.

"ಹೋಗಮ್ಮ, ಪೆಟ್ಗೆ ಇದ್ದಾಗ್ಲೇ ಚೆನ್ನಾಗಿತ್ತು" ಎನ್ನುತ್ತಾಳೆ. ಎಂದು, ಮತ್ತೆ ಮೊದಲಿನಿಂದ ನುಡಿಸುತ್ತಾಳೆ.