ಕೊಟ್ಟಾರದ ಮಸ್ಕತ್

ಮಗಳು ಮೋಕ್ಷಾಳಿಗೆ ಹಾಲೂಡಿಸುವಾಗ ಎದೆಯಲ್ಲಿ ಕೈಗೆ ಸಿಕ್ಕಿದ ಗಂಟನ್ನು ತನುಶ್ರೀ ಹಾಲು ಕಟ್ಟಿದ್ದೆಂದೇ ತಿಳಿದಿದ್ದಳು. ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನ ಅವಳಿಗಿಂತ ಮೊದಲು ಅತ್ತವರು ಅವಳ ಅತ್ತೆ ಕುಶಲಾ. ಅತ್ತು ಮುಗಿಸಿ, ಮೂಗೊರೆಸಿಕೊಂಡು ಅವರು ಹೇಳಿದ್ದು ಮಾತ್ರ ಬೇರೆ.

"ಊರಿಗೆ ಗೊತ್ತಾಗುದು ಬೇಡ. ನಾಳೆ ಮಗುವಿನ ಮದುವೆಗೆ ಇದೇ ಅಡ್ಡ ಬರ್ತದೆ."

ಮಗುವಿಗೆ ಆಗಿನ್ನೂ ಎರಡು ತುಂಬಿರಲಿಲ್ಲ!

ಗಂಡ ದೀಕ್ಷಿತ್ ಮಸ್ಕತ್‌ನಲ್ಲಿದ್ದ. ಸುಳ್ಳಿಗೆ ಅಷ್ಟು ಸಾಕಾಯಿತು. ಸೊಸೆ ಗಂಡನ ಬಳಿಗೆ ಹೋಗಿದ್ದಾಳೆಂದು ಜೆಪ್ಪುವಿನ ನೆರೆಕರೆಗೆಲ್ಲ ಸುದ್ದಿ ಮುಟ್ಟಿತು. ತನುಶ್ರೀ ಹೋದದ್ದು ಅದೇ ಊರಿನ ಇನ್ನೊಂದು ಮೂಲೆಯ ಕೊಟ್ಟಾರದ ಬಾಡಿಗೆ ಫ್ಲ್ಯಾಟಿಗೆ, ಡಾಲಿ ಎಂಬ ಹೋಮ್ ನರ್ಸ್ ಜೊತೆ. ದೀಕ್ಷಿತ್ ದುಡ್ಡು ಕಳಿಸಿದ. ರಜೆ ಮಾತ್ರ ಸಿಗಲಿಲ್ಲವಂತೆ. ಅವಳು ಸತ್ತಿದ್ದರೂ ಮಸ್ಕತ್‌ನಲ್ಲೇ ಸತ್ತಳು ಎನ್ನುತ್ತಿದ್ದರೋ ಏನೋ.

ಕೀಮೋಗೆ ಕೂದಲು ಉದುರಿತು, ಆಪರೇಷನ್ನಿನಲ್ಲಿ ಎಡ ಮೊಲೆ ಹೋಯಿತು. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಅತ್ತೆಯ ಬಳಿ ಬಿಟ್ಟುಬಂದ ಮಗಳ ಜೊತೆಗಿನ ಸಂಜೆಯ ವಿಡಿಯೋ ಕಾಲ್. ತಲೆಗೆ ಶಾಲು ಸುತ್ತಿ, ಹೊರಗಿನ ಹೈವೇ ಕಾಣದಂತೆ ಪರದೆ ಎಳೆದು, "ಇಲ್ಲಿ ತುಂಬ ಸೆಕೆ ಮಗಾ" ಎಂದು ನಗುತ್ತಿದ್ದಳು. ಫೋನ್ ಇಟ್ಟ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಾಯಿಲೆ ಬಿದ್ದವರನ್ನು ನೋಡಲು ಹಣ್ಣು ಹಿಡಿದು ನೆಂಟರು ಬರುತ್ತಾರೆ. ಅವಳ ಬಾಗಿಲು ಬಡಿಯುತ್ತಿದ್ದವನು ಗ್ಯಾಸಿನವನೊಬ್ಬನೇ.

ಒಂದೂವರೆ ವರ್ಷದ ಮೇಲೆ, ಕಾಯಿಲೆ ಹೋಯಿತೆಂದು ಡಾಕ್ಟರು ಹೇಳಿದಾಗ, ತನುಶ್ರೀ ಸೂಟ್‌ಕೇಸ್ ಹಿಡಿದು ಮಸ್ಕತ್‌ನಿಂದ ಜೆಪ್ಪುವಿಗೆ ಬಂದಿಳಿದಳು. ಪಕ್ಕದ ಮನೆಯ ಏವ್ರಿಲ್ ಬಾಯಿ ಅಂಗಳದಲ್ಲೇ ಹಿಡಿದರು.

"ಎಂತ ಮಾರಾಯ್ತಿ, ಗಂಡ ಊಟ ಹಾಕ್ಲಿಲ್ವಾ? ಕೂದಲು ಬೇರೆ ಬಾಬ್‌ಕಟ್!"

"ಅಲ್ಲಿಯ ನೀರು ಆಗಿಬರ್ಲಿಲ್ಲ," ಎಂದಳು. ಸುಳ್ಳು ಅಷ್ಟು ಸಲೀಸಾಗಿತ್ತು.

ಅವಳಿಗೆ ಬೇಕಿದ್ದುದು ಒಂದೇ, ಮಗು ಬಂದು ಮಡಿಲಲ್ಲಿ ಕೂರುವುದು. ಮೋಕ್ಷಾ ಅಜ್ಜಿಯ ಸೆರಗು ಬಿಡಲಿಲ್ಲ. ಕರೆದರೆ ದೂರದಲ್ಲೇ ನಿಂತು, ಫೋನಿನಲ್ಲಿ ಮಾಡಿದ ಹಾಗೆ ಕೈ ಬೀಸುತ್ತಿದ್ದಳು. ತನುಶ್ರೀಯೂ ಇಲ್ಲಿಂದಲೇ ಕೈ ಬೀಸುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಟ್ಟೆ ಬದಲಿಸುತ್ತಿದ್ದಾಗ ಮೋಕ್ಷಾ ಕೋಣೆಗೆ ಬಂದಳು. ಎದೆಯ ಮೇಲಿನ ಉದ್ದನೆಯ ಕಲೆಯನ್ನು ನೋಡುತ್ತ ನೋಡುತ್ತ ಹತ್ತಿರ ಬಂದು ಬೆರಳಿಟ್ಟಳು.

"ಇದು ಎಂತ?"

ಮನೆಗೆ ಬಂದ ಮೇಲೆ ಮಗಳು ತಾನಾಗಿ ಮುಟ್ಟಿದ್ದು ಅದೇ ಮೊದಲು. ಇನ್ನು ಸುಳ್ಳು ಬೇಡ ಅನ್ನಿಸಿತು ತನುಶ್ರೀಗೆ.

"ಅಮ್ಮನಿಗೆ ಹುಷಾರಿರ್ಲಿಲ್ಲ ಮಗಾ. ಡಾಕ್ಟರು ಮದ್ದು ಮಾಡಿದ್ದು. ಅಮ್ಮ ಮಸ್ಕತ್‌ಗೆ ಹೋಗ್ಲೇ ಇಲ್ಲ, ಕೊಟ್ಟಾರದಲ್ಲಿದ್ದೆ."

ಮೋಕ್ಷಾ ಬೆರಳು ತೆಗೆದಳು. ಅಜ್ಜಿಯ ಜೊತೆ ಬಸ್ಸಿನಲ್ಲಿ ಆ ದಾರಿಯಾಗಿ ಎಷ್ಟೋ ಸಲ ಹೋಗಿದ್ದವಳು ಅವಳು.

"ಕೊಟ್ಟಾರ ಇಲ್ಲೇ ಉಂಟಲ್ಲ," ಎಂದಳು. "ಮತ್ತೆ ಯಾಕೆ ಬರ್ಲಿಲ್ಲ?"