ಮೂಕಿ ಚಿತ್ರಕ್ಕೆ ಮೆಹರುನ್ನೀಸಾಳ ಕತೆ

ಶಿವಾಜಿನಗರದಲ್ಲಿ ಜರಿ ಕಸೂತಿ ಮಾಡುವ ಮೆಹರುನ್ನೀಸಾಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಹೋದ ಭಾನುವಾರ ತಂಗಿ ನೌರೀನ್ ಅವಳನ್ನು ಬೆನ್ಸನ್ ಟೌನಿಗೆ ಮೂಕಿ ಚಿತ್ರ ತೋರಿಸಲು ಕರೆದೊಯ್ದಳು. ತೆರೆಯ ಮೇಲಿನ ಬರಹ ಯಾವುದೋ ಪರದೇಶದ ಭಾಷೆಯದು. ಬಡವಿಯೊಬ್ಬಳು ತನ್ನ ಕೂಸನ್ನು ಸಿರಿವಂತರ ಬಾಗಿಲಲ್ಲಿ ಬಿಟ್ಟು, ಆಮೇಲೆ ಆ ಮನೆಗೇ ಕೆಲಸದವಳಾಗಿ ಸೇರಿದ್ದು ಯಾರಿಗೂ ಅರ್ಥವಾಗದೆ ಗುಸುಗುಸು ಶುರುವಾಯಿತು.

ಮೆಹರುನ್ನೀಸಾ ಎದ್ದುಹೋಗಿ ತೆರೆಯ ಪಕ್ಕ ನಿಂತಳು. ಅವಳು ಕೈಸನ್ನೆಯಲ್ಲಿ ಹೇಳಿದ ಕತೆಯನ್ನು ನೌರೀನ್ ಕನ್ನಡದಲ್ಲಿ ಹೇಳುತ್ತ ಹೋದಳು. ಜನ ಕಣ್ಣೊರೆಸಿಕೊಂಡರು.

"ಇಷ್ಟೆಲ್ಲ ನಿಮಗೆ ಹೇಗಮ್ಮಾ ಗೊತ್ತಾಯ್ತು?" ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು.

"ಐವತ್ತು ವರ್ಷದಿಂದ ಮುಖ ಓದ್ಕೊಂಡೇ ಬದುಕಿದೀನಿ," ಅಂದವು ಅವಳ ಕೈಗಳು.

ಚಪ್ಪಾಳೆ ಬಿತ್ತು. "ಅಕ್ಕನಿಗೆ ಅದು ಕೇಳ್ಸಲ್ಲ, ಕೈಯೆತ್ತಿ ಆಡಿಸಿ," ಎಂದಳು ನೌರೀನ್. ಇನ್ನೂರು ಕೈಗಳು ಮೇಲೆದ್ದವು. ಮೆಹರುನ್ನೀಸಾ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಒಂದೊಂದನ್ನೂ ನೋಡಿದಳು.